ಕಮ್ಮಾರಿಕೆಯೂ ಒಂದು ಹವ್ಯಾಸವಾಗಬಾರದೇಕೆ?

‘ನಿನ್ನ ಹವ್ಯಾಸವೇನು?’ ಎಂದು ನಮ್ಮ ವಿದ್ಯಾರ್ಥಿಗಳನ್ನು ಕೇಳಿದರೆ ಬರುವ ಉತ್ತರಗಳನ್ನು ನಾವು ಬಾಯಿಪಾಠವಾಗಿ ಬಲ್ಲೆವು. ಕ್ರಿಕೆಟ್, ಚಿತ್ರ ಬಿಡಿಸುವುದು, ಹಾಡು ಕೇಳುವುದು. ಈಚೆಗೆ ಮೊಬೈಲಿನ ಆಟ. ಅಂಚೆಚೀಟಿಯ ಸಂಗ್ರಹವೆಂಬುದು ನಿಬಂಧದ ಪುಸ್ತಕಗಳಲ್ಲಿ ಮಾತ್ರ ಉಳಿದುಕೊಂಡಿದೆ. ಬೆಂಕಿ ಮತ್ತು ಸುತ್ತಿಗೆಗಳು ಬೇಕಾಗುವ ಹವ್ಯಾಸವನ್ನು ಒಬ್ಬರಾದರೂ ಹೇಳಿದ್ದನ್ನು ನಾವು ಕೇಳಿಲ್ಲ. ಕಮ್ಮಾರಿಕೆಯನ್ನು ಬಿಡುವಿನ ವೇಳೆಯಲ್ಲಿ ಸಂತೋಷಕ್ಕಾಗಿ ಕಲಿಯಬಹುದು, ಮಲಾಡಿನಂಥ ಕಿಕ್ಕಿರಿದ ಊರಿನಲ್ಲಿಯೂ ಕಲಿಯಬಹುದು, ನಮ್ಮ ಶಾಲೆಯಲ್ಲಿಯಂತೂ ಕಲಿಯಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಓದಿದವರು ನಗಬಹುದು. ನಕ್ಕು ಮುಗಿದ ಮೇಲೆ ಮುಂದಕ್ಕೆ ಓದಬೇಕೆಂದು ನಮ್ಮ ವಿನಂತಿ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶಾಲೆಗೆ ‘ಸಾಲಿ’ ಎನ್ನುವರು. ಕಮ್ಮಾರನ ಕುಲುಮೆಯಿರುವ ಮನೆಗೂ ‘ಕಂಬಾರಸಾಲಿ’ ಎನ್ನುವರು. ಬಾಗಲಕೋಟೆಯ ಕಡೆಯಿಂದ ಮುಂಬಯಿಗೆ ಬಂದು ಮಾಸ್ತರಿಕೆ ಮಾಡುತ್ತಿರುವ ನಮಗೆ ಈ ಎರಡು ಸಾಲೆಗಳ ನೆನಪೂ ಒಟ್ಟಿಗೇ ಬರುತ್ತದೆ. ಮೊದಲನೆಯದರಲ್ಲಿ ಕುಳಿತು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದೆವು. ಎರಡನೆಯದನ್ನು ಬಾಗಿಲಲ್ಲಿ ನಿಂತು ನೋಡಿದೆವು. ಒಳಗಿನ ಕೆಲಸ ಆ ಮನೆಯ ಮಕ್ಕಳದೆಂಬುದು ಊರಿನ ಕಟ್ಟಳೆ. ಮುಂಗಾರಿಗೆ ಮೊದಲು ನೇಗಿಲ ಕುಳ, ಕುಂಟೆಯ ಕುಡ, ಕುಡುಗೋಲು ಎಲ್ಲವೂ ಅಲ್ಲಿಗೆ ಹೋಗಿ ಹದಗೊಂಡು ಬರುತ್ತಿದ್ದವು. ಆಗಿಂದಾಗ ರೊಕ್ಕ ಎಣಿಸುವ ಮಾತಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಕಂಬಾರನಿಗೆ ‘ಆಯ’ವೆಂದು ಕಾಳು ಸಲ್ಲುತ್ತಿದ್ದಿತು. ಟ್ರ್ಯಾಕ್ಟರು ಹೊಲಕ್ಕೆ ಬಂದ ಮೇಲೆ, ಕಾರ್ಖಾನೆಯ ಕುಡುಗೋಲು ಸಂತೆಗೆ ಬಂದ ಮೇಲೆ, ಆ ಆಯವು ಬಹುಮಟ್ಟಿಗೆ ನಿಂತುಹೋಯಿತು. ಕೆಲವು ಮನೆತನಗಳು ವೆಲ್ಡಿಂಗ್ ಅಂಗಡಿ ಹಾಕಿದವು. ಕೆಲವು ಪುಣೆ, ಮುಂಬಯಿಗಳ ಹಾದಿ ಹಿಡಿದವು.

ಹೀಗಾಗಿ ಈ ನಗರದ ಕನ್ನಡ ಶಾಲೆಗಳ ಹಾಜರಿ ಪುಸ್ತಕದಲ್ಲಿ ಕಂಬಾರ, ಬಡಿಗೇರ, ಪತ್ತಾರ ಎಂಬ ಅಡ್ಡಹೆಸರುಗಳು ಬರುತ್ತವೆ. ಅಡ್ಡಹೆಸರಿನ ಅರ್ಥವೇನೆಂದು ಕೇಳಿದರೆ ಕೆಲವು ಮಕ್ಕಳು ತಲೆ ತಗ್ಗಿಸುವರು. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, 2010ನೆಯ ವರ್ಷದ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಚಂದ್ರಶೇಖರ ಕಂಬಾರರ ಹೆಸರಿನ ತುದಿಯಲ್ಲಿರುವುದೂ ಇದೇ ಕಸುಬಿನ ಹೆಸರೆಂದು ಹೇಳಿದಾಗ ಆ ತಲೆ ಮೇಲೇಳುವುದು. ಪ್ರಶಸ್ತಿಯ ಆಸರೆಯಿಲ್ಲದೆಯೂ ಅದು ಮೇಲೆಯೇ ಇರಬೇಕಲ್ಲವೆ?

ಕಮ್ಮಾರಿಕೆಯು ಬರಿಯ ತೋಳ್ಬಲದ ಕೆಲಸವೆಂಬ ಭಾವನೆ ಪಟ್ಟಣಿಗರಲ್ಲಿ ಬೇರೂರಿದೆ. ಬಂಡಿಯ ಗಾಲಿಗೆ ಹಳಿ ಏರಿಸುವುದನ್ನು ಕಂಡವರು ಹಾಗೆನ್ನಲಾರರು. ಒಂದೂವರೆ ಮೀಟರು ಎತ್ತರದ ಗಾಲಿಯ ಸುತ್ತಳತೆ ಸುಮಾರು 4.7 ಮೀಟರು. ಕಬ್ಬಿಣವು ಒಂದು ಡಿಗ್ರಿ ಸೆಂಟಿಗ್ರೇಡು ಕಾವೇರಿದರೆ ತನ್ನ ಉದ್ದದ ಲಕ್ಷದಲ್ಲೊಂದು ಪಾಲಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಹಳಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಅದರ ಸುತ್ತಳತೆ ಸುಮಾರು 3 ಸೆಂಟಿಮೀಟರು ಬೆಳೆಯುವುದು. ಆ ಮೂರು ಸೆಂಟಿಮೀಟರಿನ ಅಂತರದಲ್ಲಿಯೇ ಕಮ್ಮಾರನು ಗಾಲಿಯನ್ನು ತೂರಿಸಬೇಕು. ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿದು ಹಳಿಯನ್ನು ಕುಗ್ಗಿಸಬೇಕು. ಹಳಿ ಚಿಕ್ಕದಾದರೆ ಏರದು. ದೊಡ್ಡದಾದರೆ ಎರಡು ಹರದಾರಿ ಹೋಗುವಷ್ಟರಲ್ಲಿ ಕಳಚಿ ಬೀಳುವುದು. ನಮ್ಮ ವಿಜ್ಞಾನದ ಪಾಠದಲ್ಲಿ ‘ಘನವಸ್ತುಗಳ ವ್ಯಾಕೋಚನ’ ಎಂದು ಅರ್ಧ ಪುಟದಲ್ಲಿ ಮುಗಿದುಹೋಗುವ ವಿಷಯವಿದು. ಉಂಗುರ ಮತ್ತು ಗುಂಡಿನ ಉಪಕರಣವೊಂದು ಪ್ರಯೋಗಶಾಲೆಯ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ತಪಾಸಣೆಯ ದಿನ ಹೊರಗೆ ಬರುತ್ತದೆ.

ಉಕ್ಕಿನ ಕಥೆ ಇನ್ನೂ ದೊಡ್ಡದು, ಅದರಲ್ಲಿ ಮುಂಬಯಿಗೂ ಪಾಲಿದೆ. 1794ರಲ್ಲಿ ಮುಂಬಯಿಯಲ್ಲಿದ್ದ ಡಾಕ್ಟರ್ ಹೆಲೆನಸ್ ಸ್ಕಾಟ್ ಎಂಬಾತನು ಈ ದೇಶದ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. ಮರುವರ್ಷವೇ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಬರೆದನು. ಆ ಉಕ್ಕಿಗೆ ಅವರು ಕೊಟ್ಟ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಅಲ್ಲಿಯ ಜನ ಕಬ್ಬಿಣವನ್ನು ಕರಗಿಸುವ, ಉಕ್ಕನ್ನು ಮಾಡುವ ಕ್ರಮವನ್ನು ತನ್ನ ಪ್ರವಾಸಗ್ರಂಥದಲ್ಲಿ ವಿವರವಾಗಿ ಬರೆದನು. 1807ರಲ್ಲಿ ಅದು ಅಚ್ಚಾಯಿತು. 1819ರ ಸುಮಾರಿಗೆ ಇದೇ ಉಕ್ಕಿನ ಗುಟ್ಟನ್ನು ಬಿಡಿಸಲು ಕುಳಿತವನು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಪಾಠದಲ್ಲಿ ನಮ್ಮ ಮಕ್ಕಳು ಅವನ ಹೆಸರನ್ನು ಓದುವರು. ಅವನು ಕಮ್ಮಾರನ ಮಗನೆಂಬುದನ್ನೂ ಹೇಳಿಕೊಡುವುದು ಒಳ್ಳೆಯದು.

ಕನ್ನಡ ಕಲಿಸುವ ನಮಗೆ ಇದರಲ್ಲಿ ಇನ್ನೊಂದು ಸ್ವಾರ್ಥವಿದೆ. ‘ಕಾವು’ ಎಂದರೆ ಶಾಖ. ಕೊಡಲಿಯ ಹಿಡಿಯೂ ‘ಕಾವು’. ‘ಹದ’, ‘ಬೆಸುಗೆ’, ‘ಕಿಟ್ಟ’, ‘ಸಾಣೆ’, ‘ಮೊನೆ’, ‘ತಿದಿ’ ಇವೆಲ್ಲ ಕವಿತೆಯಲ್ಲಿ ಬಂದಾಗ ನಾವು ಕರಿಹಲಗೆಯ ಮೇಲೆ ಅರ್ಥ ಬರೆಯುವೆವು. ಮಕ್ಕಳು ಬರೆದುಕೊಂಡು ಪರೀಕ್ಷೆಗೆ ಒಪ್ಪಿಸುವರು. ಸ್ನೇಹದ ಬೆಸುಗೆ ಎಂದರೇನೆಂದು ಅವರಿಗೆ ಗೊತ್ತು. ಕಬ್ಬಿಣದ ಬೆಸುಗೆಯನ್ನು ಅವರು ಕಂಡಿಲ್ಲ. ಉಪಮಾನವು ಉಳಿದು ವಸ್ತು ಕಣ್ಮರೆಯಾದರೆ ಭಾಷೆಯು ಒಳಗಿನಿಂದ ಟೊಳ್ಳಾಗುವುದು. ಮಲಾಡಿನ ಬೀದಿಯಲ್ಲಿ ಅಡಿಗಲ್ಲು ‘ಐರಣ’ವಾಗಿದೆ, ತಿದಿ ‘ಭಾತಾ’ ಆಗಿದೆ, ಅರವು ‘ಕಾನಸ’ವಾಗಿದೆ. ಮರಾಠಿಯ ಮಾತುಗಳ ಮೇಲೆ ನಮಗೆ ಮುನಿಸಿಲ್ಲ. ಅನ್ನ ಕೊಟ್ಟ ನೆಲದ ಮಾತುಗಳವು. ಎರಡನ್ನೂ ಬಲ್ಲವನು ಒಂದನ್ನು ಮಾತ್ರ ಬಲ್ಲವನಿಗಿಂತ ಸಿರಿವಂತನೆಂದಷ್ಟೇ ನಮ್ಮ ಮಾತು.

ಇನ್ನು ಆಕ್ಷೇಪಣೆಗೆ ಬರೋಣ. ಈ ವಿಚಾರವನ್ನು ಪಾಲಕರ ಸಭೆಯೊಂದರಲ್ಲಿ ಎತ್ತಿದಾಗ ಒಬ್ಬ ತಂದೆ ಎದ್ದು ನಿಂತು, “ಮಾಸ್ತರ, ಈ ಸುತ್ತಿಗಿ ಕೈಬಿಡಬೇಕಂತನ ನಾವು ಮುಂಬೈಗೆ ಬಂದೇವ್ರಿ. ನೀವು ಮತ್ತ ನಮ್ಮ ಹುಡುಗನ ಕೈಯಾಗ ಅದನ್ನ ಕೊಡ್ತೀರೇನ್ರಿ?” ಎಂದು ಕೇಳಿದರು. ಸಭೆಯಲ್ಲಿ ಯಾರೂ ನಗಲಿಲ್ಲ. ಅದು ನಗುವ ಪ್ರಶ್ನೆಯಲ್ಲ.

ಈ ಪ್ರಶ್ನೆಗೆ ಚರಿತ್ರೆಯ ಬಲವೂ ಇದೆ. ಕೈಕಸುಬಿನ ಮೂಲಕ ಶಿಕ್ಷಣವೆಂಬ ತತ್ತ್ವವನ್ನು ಗಾಂಧೀಜಿಯವರು 1937ರಲ್ಲಿ ವರ್ಧಾದಲ್ಲಿ ದೇಶದ ಮುಂದಿಟ್ಟರು. ಹದಿನಾರು ವರ್ಷಗಳ ತರುವಾಯ, 1953ರಲ್ಲಿ, ಮದರಾಸು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಜಗೋಪಾಲಾಚಾರ್ಯರು ಗ್ರಾಮಾಂತರದ ಪ್ರಾಥಮಿಕ ಶಾಲೆಗಳ ಪಾಠದ ಅವಧಿಯನ್ನು ಮೊಟಕುಗೊಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ತಂತಮ್ಮ ತಂದೆತಾಯಿಗಳ ಕಸುಬನ್ನು ಕಲಿಯಲೆಂಬ ಯೋಜನೆಯನ್ನು ತಂದರು. ನಮ್ಮ ದಕ್ಷಿಣ ಕನ್ನಡವೂ ಕಾಸರಗೋಡೂ ಆಗ ಮದರಾಸು ರಾಜ್ಯದಲ್ಲಿಯೇ ಇದ್ದವು. ಜಾತಿಯ ಕಸುಬನ್ನು ಜಾತಿಯ ಮಕ್ಕಳಿಗೇ ಕಟ್ಟಿಹಾಕುವ ಉಪಾಯವಿದೆಂದು ದೊಡ್ಡ ವಿರೋಧ ಎದ್ದಿತು; 1954ರಲ್ಲಿ ಆ ಯೋಜನೆಯನ್ನು ಕೈಬಿಡಬೇಕಾಯಿತು. ವಿರೋಧಿಸಿದವರ ಮಾತು ಸರಿಯೆಂದೇ ನಮ್ಮ ಎಣಿಕೆ. ಕಂಬಾರನ ಮಗ ಕುಲುಮೆಗೆ, ವಕೀಲನ ಮಗ ಕಾನೂನಿನ ಪುಸ್ತಕಕ್ಕೆ ಎಂದರೆ ಶಾಲೆಯಾದರೂ ಏತಕ್ಕೆ ಬೇಕು?

ಆದುದರಿಂದಲೇ ನಾವು ‘ಹವ್ಯಾಸ’ ಎಂಬ ಶಬ್ದವನ್ನು ಹಿಡಿದುಕೊಂಡಿದ್ದೇವೆ. ಕುಲಕಸುಬು ಹುಟ್ಟಿನಿಂದ ಮೈಮೇಲೆ ಬೀಳುವುದು. ಹವ್ಯಾಸವನ್ನು ತಾನೇ ಆರಿಸಿಕೊಳ್ಳುವುದು, ಬೇಡವೆನಿಸಿದ ದಿನ ಬಿಡುವುದು. ಹೋಟೆಲಿನ ಮಾಣಿಯ ಮಗನೂ ಬ್ಯಾಂಕಿನ ಗುಮಾಸ್ತೆಯ ಮಗಳೂ ಪುರೋಹಿತರ ಮೊಮ್ಮಗನೂ ಒಂದೇ ಅಡಿಗಲ್ಲಿನ ಮುಂದೆ ಸಾಲಾಗಿ ನಿಂತು ಸರದಿಯ ಮೇಲೆ ಸುತ್ತಿಗೆ ಹಿಡಿಯಲಿ. ಅವರ ನಡುವೆ ಕಂಬಾರರ ಹುಡುಗನಿದ್ದರೆ ಅವನೂ ಸರದಿಯಲ್ಲಿಯೇ ನಿಲ್ಲಲಿ, ಒಲ್ಲೆನೆಂದರೆ ಬಿಡಲಿ. ಬಾಚಿಯ ಕಾಯಕದಿಂದಲೇ ಹೆಸರಾದ ಬಸವಯ್ಯನಂಥವರು ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ನಾಡಿನಲ್ಲಿ ವಚನ ಬರೆದರು. ಆ ಶರಣರ ಜಯಂತಿಗಳಲ್ಲಿ ಭಾಷಣ ಮಾಡುವ ನಾವು ಒಂದು ಬಾಚಿಯನ್ನಾಗಲಿ ಸುತ್ತಿಗೆಯನ್ನಾಗಲಿ ಮುಟ್ಟದೆ ಇರುವುದು ಸೋಜಿಗವೇ ಸರಿ. ಖಂಡೇನವಮಿಯ ದಿನ ಶಾಲೆಯ ಮೇಜಿನ ಮೇಲೆ ಗಣಕಯಂತ್ರಕ್ಕೂ ಸೀಮೆಸುಣ್ಣದ ಪೆಟ್ಟಿಗೆಗೂ ಕುಂಕುಮ ಹಚ್ಚುತ್ತೇವೆ. ಆಯುಧವೆನ್ನಿಸಿಕೊಳ್ಳುವ ಒಂದು ವಸ್ತುವೂ ಆ ಪೂಜೆಯಲ್ಲಿರುವುದಿಲ್ಲ.

ಪರದೇಶಗಳಲ್ಲಿ ಈ ವಿದ್ಯೆಯು ಹವ್ಯಾಸಿಗಳಿಂದ ಮರುಜೀವ ಪಡೆದದ್ದುಂಟು. ಅಮೇರಿಕೆಯಲ್ಲಿ ಹಳ್ಳಿಯ ಕುಲುಮೆಗಳು ಒಂದೊಂದಾಗಿ ಆರುತ್ತಿರಲು, 1973ರಲ್ಲಿ ಕೆಲವರು ಸೇರಿ ಕಲಾಕಮ್ಮಾರರ ಸಂಘವೊಂದನ್ನು ಕಟ್ಟಿದರು. ಅದು ಇಂದಿಗೂ ನಡೆದಿದೆ. ಅದೇ ವರ್ಷ, ಜಾವಾ ದ್ವೀಪದಲ್ಲಿ ಹುಟ್ಟಿ ಅಮೇರಿಕೆಯಲ್ಲಿ ನೆಲೆಸಿದ್ದ ಅಲೆಕ್ಸಾಂಡರ್ ವೈಗರ್ಸ್ ಎಂಬವರು ಉಪಕರಣಗಳನ್ನು ಕೈಯಾರೆ ಮಾಡಿಕೊಳ್ಳುವುದನ್ನು ಕುರಿತು ಪುಸ್ತಕ ಬರೆದರು. ಮೋಟಾರಿನ ಗುಜರಿಯಿಂದ ಉಳಿ ಸುತ್ತಿಗೆಗಳನ್ನು ತಯಾರಿಸಬಹುದೆಂದು ಅವರು ತೋರಿಸಿದರು. ನಮ್ಮ ಕಂಬಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಕೊಡಲಿಗಳನ್ನು ಮಾಡುತ್ತ ಬಂದಿರುವುದು ಇದೇ ವಿದ್ಯೆಯೇ. ಅವರು ಪುಸ್ತಕ ಬರೆಯಲಿಲ್ಲ, ಅಷ್ಟೆ.

ಉಪಕರಣಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ತುಸು ಕಟುವಾಗಿದೆ. ಕಲಿಯುವುದಕ್ಕಿಂತ ಮೊದಲೇ ಕೊಳ್ಳುವ ಚಟವೊಂದು ಎಲ್ಲ ಹವ್ಯಾಸಗಳಿಗೂ ಅಂಟಿಕೊಂಡಿದೆ. ಗಿಟಾರು ಗೋಡೆಗೆ ತೂಗುತ್ತದೆ. ಬಣ್ಣದ ನಳಿಕೆಗಳು ಒಣಗುತ್ತವೆ. ಕಮ್ಮಾರಿಕೆಯಲ್ಲಿ ಈ ಚಟಕ್ಕೆ ಎಡೆಗೊಡಬಾರದು. ಬಡಗಿಯ ಉಳಿಯನ್ನೂ ಮಾಡುವವನು ಕಮ್ಮಾರ, ರೈತನ ಕುಳವನ್ನೂ ಮಾಡುವವನು ಕಮ್ಮಾರ. ತನ್ನ ಇಕ್ಕಳವನ್ನೂ ಅವನೇ ಮಾಡಿಕೊಳ್ಳಬಲ್ಲನು. ಅವನಿಗೆ ಅಂಗಡಿಯಿಂದ ಬೇಕಾದುದು ತೀರ ಸ್ವಲ್ಪ. ಒಂದು ಕಿಲೋ ತೂಕದೊಳಗಿನ ಒಂದು ಸುತ್ತಿಗೆ, ಒಂದು ಇಕ್ಕಳ, ಒಂದು ಅರ, ಒಂದು ಗರಗಸ, ಮೇಜಿಗೆ ಬಿಗಿಯುವ ಒಂದು ವೈಸ್, ಬಡಿಯಲು ಗಟ್ಟಿಯಾದ ಒಂದು ಅಡಿಗಲ್ಲು. ಕಲಿಯುವವನು ಮೂರು ಕಿಲೋ ಸುತ್ತಿಗೆ ಕೊಂಡರೆ ಮಣಿಕಟ್ಟು ಉಳುಕುವುದಲ್ಲದೆ ಕಬ್ಬಿಣವು ಹೇಳಿದ ಮಾತು ಕೇಳದು.

ಅಡಿಗಲ್ಲಿನ ಪ್ರಶ್ನೆ ಎಲ್ಲರನ್ನೂ ಕಾಡುತ್ತದೆ. ಎರಕದ ಅಥವಾ ಉಕ್ಕಿನ ಒಳ್ಳೆಯ ಅಡಿಗಲ್ಲು ದುಬಾರಿ. ರೈಲಿನ ಹಳಿಯ ತುಂಡು ಬಡವರ ಅಡಿಗಲ್ಲೆಂದು ಜಗತ್ತಿನಾದ್ಯಂತ ಹೆಸರಾಗಿದೆ. ನಮ್ಮ ರೈಲ್ವೆಯ ಹಳಿಗಳಲ್ಲೊಂದು ಬಗೆ ಮೀಟರಿಗೆ 60 ಕಿಲೋ ತೂಗುವುದು. ಅಂದರೆ 30 ಸೆಂಟಿಮೀಟರಿನ ತುಂಡು 18 ಕಿಲೋ. ಹುಡುಗರ ಕೆಲಸಕ್ಕೆ ಅದು ಸಾಕು. ಆದರೆ ಮಲಾಡ್ ನಿಲ್ದಾಣದ ಆಚೀಚೆ ಬಿದ್ದ ತುಂಡನ್ನು ಹೊತ್ತು ತರುವ ಸಾಹಸವನ್ನು ಯಾರೂ ಮಾಡಕೂಡದು. ರೈಲ್ವೆಯ ಸೊತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯದೆಯಂತೆ ಅಪರಾಧ. ಗುಜರಿಯವನಲ್ಲಿ ಕೊಂಡರೂ ರಸೀದಿ ಕೇಳಿ ಪಡೆಯಬೇಕು. ರೇ ರೋಡಿನ ಬಳಿಯ ದಾರೂಖಾನಾ ಹಳೆಯ ಹಡಗುಗಳ ಕಬ್ಬಿಣಕ್ಕೆ ಹೆಸರಾದ ಸ್ಥಳ. ಅಲ್ಲಿ ಸಿಗುವ ದಪ್ಪನೆಯ ಉಕ್ಕಿನ ಗಟ್ಟಿಯೂ ಅಡಿಗಲ್ಲಾಗಬಲ್ಲದು. ಕೈಉಪಕರಣಗಳಿಗೆ ನಾಗದೇವಿ ಬೀದಿಯಿದೆ. ಅದರ ಸಮೀಪದಲ್ಲಿಯೇ ಲೋಹಾರ್ ಚಾಳ್, ಅಂದರೆ ಕಮ್ಮಾರರ ಚಾಳು. ಹೆಸರನ್ನು ನಂಬಿ ಸುತ್ತಿಗೆ ಹುಡುಕುತ್ತ ಹೋದವರಿಗೆ ಅಲ್ಲಿ ಸಿಗುವುದು ವಿದ್ಯುತ್ತಿನ ತಂತಿ, ದೀಪ, ಸ್ವಿಚ್ಚು. ಕಮ್ಮಾರನ ಕೇರಿಯಲ್ಲಿ ಸೂಜಿ ಮಾರಬಾರದೆಂಬ ಗಾದೆಯ ಕಾಲ ಮುಗಿಯಿತು.

ಬೆಂಕಿಯನ್ನು ಎಲ್ಲಿ ಹೊತ್ತಿಸುವುದು? ಹತ್ತಡಿ ಹನ್ನೆರಡಡಿಯ ಚಾಳಿನ ಕೋಣೆಯಲ್ಲಿ ಸಾಧ್ಯವಿಲ್ಲ, ಮಾಡಲೂಬಾರದು. ನಗರದ ಗಾಳಿ ಕೆಟ್ಟಿರುವುದರಿಂದ ಸೌದೆ ಇದ್ದಿಲುಗಳ ಭಟ್ಟಿಗಳನ್ನು ಬಿಟ್ಟು ಅನಿಲ ಮೊದಲಾದ ಇಂಧನಗಳಿಗೆ ಬದಲಾಯಿಸುವಂತೆ ಮುಂಬಯಿ ಉಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಬೇಕರಿ ಮತ್ತು ಉಪಾಹಾರಗೃಹಗಳಿಗೆ ಆದೇಶಿಸಿತು. ಬೇಕರಿಗೆ ಬೇಡವೆಂದುದು ಶಾಲೆಗೆ ಬೇಕೆನ್ನಲಾಗದು. ಆದುದರಿಂದ ಇಟ್ಟಿಗೆ ಜೋಡಿಸಿದ ಚಿಕ್ಕ ಅನಿಲದ ಒಲೆಯನ್ನು ಶಾಲೆಯ ಅಂಗಳದ ತೆರೆದ ಮೂಲೆಯಲ್ಲಿ, ದೊಡ್ಡವರ ಕಣ್ಣಮುಂದೆ, ಭಾನುವಾರದ ಎರಡು ಗಂಟೆಯ ಹೊತ್ತು ಉರಿಸುವುದು ಯೋಗ್ಯ. ಉಳಿದ ದಿನಗಳಲ್ಲಿ ತಣ್ಣನೆಯ ಕೆಲಸವಿದ್ದೇ ಇದೆ. ಒಂದು ತುಂಡನ್ನು ಅರದಿಂದ ಉಜ್ಜಿ ನಾಲ್ಕು ಮೂಲೆ ಸರಿಯಾಗಿ ತರುವುದರಲ್ಲಿಯೇ ಒಂದು ತಿಂಗಳು ಕಳೆಯುವುದು. ಕಳೆಯಲಿ. ತಾಳ್ಮೆಗೆ ಇದಕ್ಕಿಂತ ಅಗ್ಗದ ಗುರುವಿಲ್ಲ.

ಮೊದಲ ಕೆಲಸ ಕೊಕ್ಕೆಯಾಗಲಿ. ಎಂಟು ಮಿಲಿಮೀಟರಿನ ಮೆದುಕಬ್ಬಿಣದ ಸರಳನ್ನು ಕಾಯಿಸಿ, ತುದಿಯನ್ನು ಚೂಪುಗೊಳಿಸಿ, ಬಗ್ಗಿಸುವುದು. ಶಾಲೆಯ ಚೀಲ ತೂಗುಹಾಕಲು ಅದು ಒದಗುವುದು. ಆ ಮೇಲೆ ಲಾರಿಯ ಪಟ್ಟಿಯ ತುಂಡಿನಿಂದ ಉಳಿ. ಹದ ಹಾಕುವ ಸೊಗಸು ಕಾಣುವುದು ಅಲ್ಲಿಯೇ. ಕಾದ ಉಕ್ಕಿಗೆ ದಾರದಲ್ಲಿ ಕಟ್ಟಿದ ಅಯಸ್ಕಾಂತವನ್ನು ಹಿಡಿಯಬೇಕು; ಸುಮಾರು 770 ಡಿಗ್ರಿ ಮುಟ್ಟಿದೊಡನೆ ಅಯಸ್ಕಾಂತವು ಅದನ್ನು ಸೆಳೆಯುವುದಿಲ್ಲ. ಇನ್ನೂ ತುಸು ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಾಜಿನಂತೆ ಬಿರುಸಾಗುವುದು. ಹಾಗೆಯೇ ಬಳಸಿದರೆ ಒಡೆಯುವುದು. ಉಜ್ಜಿ ಹೊಳಪು ಕೊಟ್ಟು ಮೆಲ್ಲನೆ ಮತ್ತೆ ಕಾಯಿಸಿದಾಗ ಮೈಮೇಲೆ ಬಣ್ಣಗಳು ಹರಿಯುವುವು: 230 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಹಳದಿ, 280ರ ಸುಮಾರಿಗೆ ನೇರಳೆ, 300ರ ಹತ್ತಿರ ನೀಲಿ. ಉಳಿಗೆ ನೇರಳೆ ಬಣ್ಣ ಬಂದೊಡನೆ ತಣಿಸಬೇಕು. ಈ ಬಣ್ಣಗಳನ್ನು ಒಮ್ಮೆ ಕಂಡ ಹುಡುಗನಿಗೆ ‘ಹದ’ ಎಂಬ ಶಬ್ದಕ್ಕೆ ಅರ್ಥ ಬರೆಸಬೇಕಾಗಿಲ್ಲ. ಕಟ್ಟಡದ ಕೆಲಸದಲ್ಲಿ ಉಳಿದ ಗೆರೆಗೆರೆಯ ಸರಳುಗಳಿಂದ ಉಳಿ ಮಾಡಹೋಗಬಾರದು; ಆ ಕಬ್ಬಿಣ ಅದಕ್ಕಾಗಿ ಹುಟ್ಟಿದ್ದಲ್ಲ.

ಎಚ್ಚರಿಕೆಗಳನ್ನು ಹೇಳದಿದ್ದರೆ ಮುಖ್ಯಾಧ್ಯಾಪಕರು ಈ ಲೇಖನವನ್ನು ಅಚ್ಚಿಗೆ ಬಿಡಲಾರರು. ಕಣ್ಣಿಗೆ ಕನ್ನಡಕ, ಮೈಗೆ ಹತ್ತಿಯ ಬಟ್ಟೆ, ಕಾಲಿಗೆ ಮುಚ್ಚಿದ ಬೂಟು, ಪಕ್ಕದಲ್ಲಿ ನೀರಿನ ಬಕೀಟು ಮತ್ತು ಮರಳು. ಸತುವಿನ ಲೇಪವಿರುವ ನಳಿಗೆ ತಗಡುಗಳನ್ನು ಎಂದೂ ಬೆಂಕಿಗಿಡಬಾರದು. ಅದರ ಹೊಗೆಯಿಂದ ಜ್ವರ ಬರುವುದು. ಕೆಂಡದಂತಿರುವ ಕಬ್ಬಿಣಕ್ಕೆ ಎಲ್ಲರೂ ಹೆದರುವರು. ಕೈ ಸುಡುವುದು ಅದರಿಂದಲ್ಲ, ಕೆಂಪು ಆರಿ ಕಪ್ಪಾಗಿ ಸಾಧುವಿನಂತೆ ಬಿದ್ದಿರುವ ಕಬ್ಬಿಣದಿಂದ.

ಹೆಣ್ಣುಮಕ್ಕಳಿಗೆ ಇದೇಕೆ ಎಂದು ಕೇಳುವವರು ರಸ್ತೆಯ ಬದಿಯಲ್ಲಿ ಬೀಡುಬಿಡುವ ಘಿಸಾಡಿ ಜನರನ್ನು ಒಮ್ಮೆ ನೋಡಬೇಕು. ನಮ್ಮ ಕಡೆಯಲ್ಲಿ ಅವರಿಗೆ ಬೈಲಕಂಬಾರರೆನ್ನುವರು. ಗಂಡಸು ಇಕ್ಕಳ ಹಿಡಿದು ಕೂತಿರುವನು. ತಲೆಯ ಮೇಲಿಂದ ಘನವನ್ನು ಬೀಸಿ ಹೊಡೆಯುವವಳು ಹೆಂಗಸು.

ಕಲಿಸುವವರು ಯಾರು? ಮಾಸ್ತರರಾದ ನಾವಲ್ಲ. ಪುಸ್ತಕ ಓದಿ ಕಲಿಸುವ ವಿದ್ಯೆ ಇದಲ್ಲ. ಕಸುಬುದಾರರನ್ನೇ ಕರೆಯಬೇಕು, ಕರೆದರೆ ಕೂಲಿ ಕೊಡಬೇಕು. ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟು ಕಳುಹಿಸುವ ಸತ್ಕಾರವನ್ನು ನಾವು ವಿರೋಧಿಸುತ್ತೇವೆ; ಅರ್ಧ ದಿನ ಪಾಠ ಹೇಳಿದವನು ಅರ್ಧ ದಿನದ ಗಳಿಕೆಯನ್ನು ಕಳೆದುಕೊಂಡಿರುತ್ತಾನೆ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರಕಾರವು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗೆ ನೆರವು ಅದರಲ್ಲಿದೆ. ಅದು ಕಸುಬಿನಿಂದಲೇ ಬದುಕುವವರಿಗೆ ಮೀಸಲು; ಹವ್ಯಾಸಿಗಳು ಅದರತ್ತ ಕಣ್ಣು ಹಾಕಬಾರದು. ಆದರೆ ನಮ್ಮ ಪಾಲಕರಲ್ಲಿ ಅರ್ಹರಿದ್ದರೆ ಅರ್ಜಿಯನ್ನು ತುಂಬಿಕೊಡಲು ಶಾಲೆಯ ಹಿರಿಯ ವಿದ್ಯಾರ್ಥಿಗಳು ಮುಂದಾಗಬಹುದು. ಕನ್ನಡ ಓದುಬರಹ ಬಲ್ಲವರು ಮರಾಠಿ, ಇಂಗ್ಲಿಷುಗಳ ಅರ್ಜಿಯ ಮುಂದೆ ತಬ್ಬಿಬ್ಬಾಗುವುದನ್ನು ನಾವು ಈ ಊರಿನಲ್ಲಿ ದಿನವೂ ಕಾಣುತ್ತೇವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಕೊಟ್ಟಿದೆ. ಆ ದಿನಗಳಲ್ಲಿ ಅವರು ಬಡಗಿ, ತೋಟಗಾರ, ಕುಂಬಾರ, ಕಲಾವಿದ ಮೊದಲಾದವರ ಬಳಿ ಕಲಿಯಬೇಕೆಂದಿದೆ. ಕಮ್ಮಾರನು ಆ ‘ಮೊದಲಾದವರ’ಲ್ಲಿ ಅಡಗಿದ್ದಾನೆ. ಹತ್ತು ದಿನಗಳಲ್ಲಿ ಎರಡನ್ನು ಅವನಿಗೆ ಕೊಡಬೇಕೆಂದು ಶಿಕ್ಷಕರ ಸಭೆಯಲ್ಲಿ ಸೂಚಿಸಿದ್ದೇವೆ. ನಿರ್ಧಾರ ಇನ್ನೂ ಆಗಿಲ್ಲ. ಕನ್ನಡ ಶಾಲೆಗಳಲ್ಲಿ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವಾಗ ಸುತ್ತಿಗೆಯ ಮಾತೇಕೆ, ಇಂಗ್ಲಿಷ್ ಸಂಭಾಷಣೆಯ ವರ್ಗ ತೆರೆಯಿರಿ ಎಂದವರಿದ್ದಾರೆ. ಅದನ್ನೂ ತೆರೆಯೋಣ. ಆದರೆ ಆ ವರ್ಗ ಎಲ್ಲ ಶಾಲೆಗಳಲ್ಲಿಯೂ ಇದೆ. ಅದಕ್ಕಾಗಿ ನಮ್ಮ ಬಾಗಿಲಿಗೇ ಬರಬೇಕೆಂಬ ನಿರ್ಬಂಧ ಯಾರಿಗಿದೆ? ಮುರುಕು ಬೆಂಚುಗಳನ್ನು ತುಂಬಿರುವ ಹಿಂದಿನ ಕೋಣೆ ತೆರವಾದರೆ ಒಂದು ಮೇಜು, ಒಂದು ವೈಸ್, ನಾಲ್ಕು ಅರಗಳು ಹಿಡಿಸುವಷ್ಟು ಜಾಗವಿದೆ. ಮೇಜನ್ನು ಆ ಮುರುಕು ಬೆಂಚುಗಳಿಂದಲೇ ಮಾಡಿಸಬಹುದು. ಹಳೆಯ ವಿದ್ಯಾರ್ಥಿಗಳಲ್ಲಿ ವರ್ಕ್‌ಶಾಪು, ಗ್ಯಾರೇಜುಗಳನ್ನು ನಡೆಸುವವರಿದ್ದಾರೆ. ಬಳಸಿ ಬದಿಗಿಟ್ಟ ವೈಸ್ ಒಂದು ಅವರಲ್ಲಿದ್ದರೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ತಂದುಕೊಡಬಹುದು. ನಾವು ಇರುತ್ತೇವೆ.